ಡೇಕೇರ್‌ನಲ್ಲಿ ಎರಡು ವರ್ಷದೊಳಗಿನ ಮಗುವಿನ ದಿನ ಹೇಗೆ ಸಾಗುತ್ತದೆ? ಅನುಭವ ಇರುವವರು ತಿಳಿಸಿ

ಪ್ರಶ್ನೆ: ನನ್ನ ಮಗನಿಗೆ ಈಗ ಒಂದು ವರ್ಷ ಎಂಟು ತಿಂಗಳು. ಸದ್ಯದಲ್ಲೇ ಕೆಲಸಕ್ಕೆ ಮರಳಬೇಕಾಗಿರುವುದರಿಂದ ಬೆಂಗಳೂರಿನಲ್ಲಿ ನಮ್ಮ ಮನೆಗೆ ಹತ್ತಿರದ ಎರಡು ಡೇಕೇರ್‌ಗಳನ್ನು ನೋಡಿ ಬಂದಿದ್ದೇನೆ. ಒಂದರಲ್ಲಿ ಅರ್ಧ ಗಂಟೆಗೊಂದರಂತೆ ಅಕ್ಷರ, ಅಂಕಿ, ಬಣ್ಣ, ಕಥೆ ಎಂದು ಅಚ್ಚು ಹಾಕಿಸಿದ ವೇಳಾಪಟ್ಟಿಯನ್ನೇ ಕೈಗಿತ್ತರು. ಇನ್ನೊಂದರಲ್ಲಿ, ಮಕ್ಕಳು ಆಡುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ ಎಂದಷ್ಟೇ ಹೇಳಿದರು. ಯಾವುದನ್ನು ನೋಡಿ ಆರಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ 1 (ಬೆಂಗಳೂರಿನ ತಾಯಿ): ನನ್ನ ಮಗಳು ಇದೇ ವಯಸ್ಸಿನಿಂದ ಡೇಕೇರ್‌ಗೆ ಹೋಗುತ್ತಿದ್ದಾಳೆ. ಅಲ್ಲಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಮೊದಲ ಅರ್ಧ ಗಂಟೆ ಯಾರಿಗೂ ಏನನ್ನೂ ಕಲಿಸುವುದಿಲ್ಲ, ಅಳುವವರನ್ನು ಎತ್ತಿಕೊಳ್ಳುವುದು, ಉಳಿದವರ ಮುಂದೆ ಮರದ ಬ್ಲಾಕುಗಳನ್ನು ಸುರಿಯುವುದು, ಅಷ್ಟೇ. ಆಮೇಲೆ ಹಾಡು, ಹೊರಗಿನ ಆಟ, ಹಣ್ಣು, ಮತ್ತೆ ಆಟ. ಹನ್ನೆರಡಕ್ಕೆ ಅನ್ನ, ಬೇಳೆ ಸಾರು, ಮೆತ್ತಗೆ ಬೇಯಿಸಿದ ಕ್ಯಾರೆಟ್. ಒಂದು ಗಂಟೆಯಿಂದ ಮೂರರವರೆಗೆ ನಿದ್ದೆ, ಎದ್ದ ಮೇಲೆ ಹಾಲು, ನಂತರ ಕರೆದೊಯ್ಯುವವರು ಬರುವ ತನಕ ಆಟ. ಗೋಡೆಯ ಮೇಲೆ ಅಲ್ಲಿಯೂ ಒಂದು ವೇಳಾಪಟ್ಟಿ ಇದೆ. ಆದರೆ ಮಕ್ಕಳು ಇರುವೆ ಸಾಲನ್ನು ನೋಡುತ್ತ ಕುಳಿತ ದಿನ ಅದನ್ನು ಯಾರೂ ತಿರುಗಿ ನೋಡುವುದಿಲ್ಲ ಎಂಬುದೇ ನನಗೆ ಆ ಜಾಗ ಹಿಡಿಸಲು ಮುಖ್ಯ ಕಾರಣ.

ಉತ್ತರ 2 (ಮೈಸೂರು, ಶಿಶುಪಾಲನಾ ಕೇಂದ್ರದ ಆರೈಕೆದಾರರು): ಮೇಡಂ, ಈ ವಯಸ್ಸಿನಲ್ಲಿ ಆಟ ಬೇರೆ, ಕಲಿಕೆ ಬೇರೆ ಎಂದು ವೇಳೆ ಹಂಚುವವರು ಪೋಷಕರನ್ನು ಮೆಚ್ಚಿಸಲು ಹಂಚುತ್ತಾರೆಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಅತ್ಯಂತ ಹೆಚ್ಚು ಕಲಿಕೆ ನಡೆಯುವುದು ಕೈ ತೊಳೆಯುವ ಹೊತ್ತಿನಲ್ಲಿ. ತೋಳು ಮೇಲೇರಿಸುವುದು, ತನ್ನ ಸರದಿಗೆ ಕಾಯುವುದು, ನಲ್ಲಿ ತಿರುಗಿಸುವುದು, ಸೋಪು ಜಾರಿದರೆ ಹಿಡಿಯುವುದು, ತನ್ನ ಟವೆಲ್ ಯಾವುದೆಂದು ಗುರುತಿಸುವುದು: ಇಷ್ಟೂ ಕೆಲಸವನ್ನು ಮಗು ತಾನೇ ಮಾಡುವುದಾದರೆ ಎಂಟು ಮಕ್ಕಳಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ನಾವೇ ತೊಳೆದುಬಿಟ್ಟರೆ ಐದು ನಿಮಿಷ ಸಾಕು. ಆ ಇಪ್ಪತ್ತು ನಿಮಿಷವನ್ನು ಕೊಡುವಷ್ಟು ಜನ ಮತ್ತು ತಾಳ್ಮೆ ಆ ಕೇಂದ್ರದಲ್ಲಿ ಇದೆಯೇ ಎಂಬುದನ್ನು ನೀವು ಮೊದಲು ನೋಡಬೇಕು.

ಆಟದ ವಿಷಯಕ್ಕೆ ಬಂದರೆ, ದುಬಾರಿ ಆಟಿಕೆಗಳಿಗಿಂತ ಒಂದು ಅಗಲವಾದ ಟಬ್ಬು, ಎರಡು ಸ್ಟೀಲ್ ಲೋಟ, ಒಂದು ಸೌಟು ಹೆಚ್ಚು ಹೊತ್ತು ಮಕ್ಕಳನ್ನು ಹಿಡಿದಿಡುತ್ತವೆ. ಲೋಟದಿಂದ ಲೋಟಕ್ಕೆ ನೀರು ಸುರಿಯುವ ಮಗು ಮೊದಲು ಪೂರಾ ಚೆಲ್ಲುತ್ತದೆ, ಕೆಲವು ವಾರಗಳಲ್ಲಿ ಲೋಟ ತುಂಬುವ ಮೊದಲೇ ಕೈ ನಿಲ್ಲಿಸುತ್ತದೆ. ತುಂಬಿತು, ಖಾಲಿಯಾಯಿತು, ಇನ್ನೂ ಬೇಕು ಎಂಬ ಮಾತುಗಳು ಅಲ್ಲಿಯೇ ಬರುತ್ತವೆ. ಟಬ್ಬಿನಲ್ಲಿ ಎರಡು ಬೆರಳಿನಷ್ಟೇ ನೀರಿದ್ದರೂ ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಕುಳಿತಿರಲೇಬೇಕು. ಕಡಲೆ, ಬಟಾಣಿ, ಮಣಿಗಳನ್ನು ಆಡಲು ಕೊಡುವ ಕೇಂದ್ರವನ್ನು ಮಾತ್ರ ಬಿಟ್ಟುಬಿಡಿ, ಏಕೆಂದರೆ ಈ ವಯಸ್ಸಿನವರು ಅವನ್ನು ಬಾಯಿಗೋ ಮೂಗಿಗೋ ಹಾಕಿಕೊಳ್ಳುತ್ತಾರೆ.

ಇನ್ನೊಂದು ಮಾತು. ನಿಮ್ಮ ಮಗ ಬೇರೆ ಮಕ್ಕಳೊಂದಿಗೆ ಕೂಡಿ ಆಡುತ್ತಿಲ್ಲವೆಂದು ಆತಂಕಪಡಬೇಡಿ. ಎರಡು ವರ್ಷದ ಆಸುಪಾಸಿನ ಮಕ್ಕಳು ಹೆಚ್ಚಾಗಿ ಅಕ್ಕಪಕ್ಕದಲ್ಲಿ ಕುಳಿತು ತಮ್ಮ ತಮ್ಮ ಆಟವನ್ನೇ ಆಡುತ್ತಾರೆ, ಮಧ್ಯೆ ಮಧ್ಯೆ ಪಕ್ಕದವರನ್ನು ನೋಡಿ ಅನುಕರಿಸುತ್ತಾರೆ. ಒಂದು ದಿನ ಕೈಮೇಲೆ ಕಚ್ಚಿದ ಗುರುತು ಕಾಣಲೂಬಹುದು. ಬೇಕೆನಿಸಿದ್ದನ್ನು ಹೇಳಲು ಮಾತು ಸಾಲದ ವಯಸ್ಸಿನಲ್ಲಿ ಅದು ಅಪರೂಪವಲ್ಲ. ಕಚ್ಚಿದ್ದನ್ನು ಅವರಾಗಿಯೇ ನಿಮಗೆ ತಿಳಿಸುತ್ತಾರೆಯೇ, ಮುಚ್ಚಿಡುತ್ತಾರೆಯೇ ಎಂಬುದು ಮುಖ್ಯ.

ಉತ್ತರ 3 (ಹುಬ್ಬಳ್ಳಿಯ ತಂದೆ): ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ನಾನು ಸೇರಿಸಬೇಕಾದದ್ದು ಮಧ್ಯಾಹ್ನ ಮೂರರ ನಂತರದ ಸಮಯದ ಬಗ್ಗೆ. ನಾವು ಮೊದಲು ಕಳುಹಿಸುತ್ತಿದ್ದ ಕೇಂದ್ರದಲ್ಲಿ ಬೆಳಗಿನ ಹೊತ್ತು ಬಹಳ ಚೆನ್ನಾಗಿ ನಡೆಯುತ್ತಿತ್ತು, ಆದರೆ ಸಂಜೆ ಸಿಬ್ಬಂದಿ ಕಡಿಮೆಯಾದೊಡನೆ ಟಿ.ವಿ. ಹಚ್ಚಿ ಮಕ್ಕಳನ್ನೆಲ್ಲ ಅದರ ಮುಂದೆ ಕೂಡಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಒಂದು ವರ್ಷದ ಮಕ್ಕಳಿಗೆ ಪರದೆಯೇ ಬೇಡ, ಎರಡು ತುಂಬಿದವರಿಗೂ ದಿನಕ್ಕೆ ಒಂದು ಗಂಟೆ ಮೀರಬಾರದು; ಇಡೀ ದಿನದಲ್ಲಿ ಒಟ್ಟು ಮೂರು ಗಂಟೆಯಾದರೂ ಮೈ ಆಡಬೇಕು, ಹಗಲಿನದೂ ಸೇರಿ 11ರಿಂದ 14 ಗಂಟೆ ನಿದ್ದೆಯಾಗಬೇಕು. ಆದ್ದರಿಂದ ಕೇಂದ್ರವನ್ನು ನೋಡಲು ಅವರು ಹೇಳಿದ ಬೆಳಗಿನ ಸಮಯಕ್ಕಷ್ಟೇ ಹೋಗದೆ, ಸಂಜೆ ಐದರ ಸುಮಾರಿಗೂ ಒಮ್ಮೆ ಹೋಗಿ ಬನ್ನಿ. ಮಗು ಎಷ್ಟು ಗಂಟೆಗೆ ಎದ್ದಿತು ಎಂದೂ ದಿನಾಲೂ ಕೇಳಿಕೊಳ್ಳಿರಿ. ನಾಲ್ಕೂವರೆಯ ತನಕ ಮಲಗಿಸಿದರೆ ರಾತ್ರಿ ಹನ್ನೊಂದಾದರೂ ನಿಮಗೆ ನಿದ್ದೆ ಇಲ್ಲ.

ಉತ್ತರ 4 (ಮಂಡ್ಯ ಜಿಲ್ಲೆ): ಊರಿನಲ್ಲಿರುವವರಿಗಾಗಿ ಒಂದು ಮಾಹಿತಿ. ಗ್ರಾಮೀಣ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ ರಾಜ್ಯ ಸರ್ಕಾರವು 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅಲ್ಲಿ ಸ್ಥಳೀಯ ಮಹಿಳೆಯರೇ ತರಬೇತಿ ಪಡೆದು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿ.ಡಿ.ಒ.) ಅವರನ್ನು ವಿಚಾರಿಸಬಹುದು.

ಉತ್ತರ 5 (ಬೆಂಗಳೂರು): ಪ್ರಶ್ನೆ ಕೇಳಿದವರಿಗೆ, ನಿಮ್ಮ ಕಚೇರಿಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದಾರೆಯೇ? ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಸೇರಿದ, 2025ರ ನವೆಂಬರ್‌ನಿಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿರುವ ನಿಯಮದ ಪ್ರಕಾರ ಅಂಥ ಸಂಸ್ಥೆಯು ನಿಗದಿತ ದೂರದೊಳಗೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಬರಲು ಅವಕಾಶ ಕೊಡಬೇಕು. ಮನೆಯ ಹತ್ತಿರದ ಕೇಂದ್ರಕ್ಕೆ ಮುಂಗಡ ಕಟ್ಟುವ ಮೊದಲು ಎಚ್‌.ಆರ್. ವಿಭಾಗಕ್ಕೆ ಒಂದು ಇ-ಮೇಲ್ ಕಳುಹಿಸಿ, ಲಿಖಿತ ಉತ್ತರವನ್ನೇ ಕೇಳಿ.