‘ಯುಸರ್ಪರ್’ ಪದಕ್ಕೆ ಕನ್ನಡ: ಅಪಹಾರಿಯೋ, ಅರಸುಗಳ್ಳನೋ?

ಮಾನ್ಯರೇ,
ಮಕ್ಕಳಿಗಾಗಿ ಅನುವಾದಿಸಿದ ಇಂಗ್ಲೆಂಡಿನ ಇತಿಹಾಸ ನಾಳೆ ಸಂಜೆ ಅಚ್ಚಿಗೆ ಹೋಗಬೇಕಿದೆ. ಅರಸ ಮೂರನೆಯ ರಿಚರ್ಡನ ಚಿತ್ರದ ಕೆಳಗೆ ಅವನನ್ನು ‘ಯುಸರ್ಪರ್’, ಅಂದರೆ ಹಕ್ಕಿಲ್ಲದ ಪಟ್ಟವನ್ನು ತನ್ನದಾಗಿಸಿಕೊಂಡವನು, ಎಂದಿದ್ದಾರೆ. ಅದೇ ಪುಟದಲ್ಲಿ ‘ಲಾರ್ಡ್ ಪ್ರೊಟೆಕ್ಟರ್’ (ಎಳೆಯ ಅರಸನ ಪರವಾಗಿ ರಾಜ್ಯ ನೋಡಿಕೊಳ್ಳುವವನು) ಎಂಬುದೂ ಇದೆ. ‘ಅಪಹಾರಿ’ ಎಂದು ಬರೆದಿದ್ದೆ. ಅದು ಸಂಸ್ಕೃತದ ಹೊರೆಯೆಂದು ಗೆಳೆಯರೊಬ್ಬರು ‘ಅರಸುಗಳ್ಳ’ ಎಂಬ ಹೊಸ ಪದವನ್ನು ಕಟ್ಟಿಕೊಟ್ಟಿದ್ದಾರೆ. ಯಾವುದನ್ನು ಉಳಿಸಲಿ?

ಮಾನ್ಯರೇ,
ಎರಡನ್ನೂ ಬಿಡಿ.

‘ಅಪಹರಣ’ವೆಂದರೆ ಇಂದಿನ ಓದುಗರಿಗೆ ಮನುಷ್ಯರನ್ನು ಹೊತ್ತೊಯ್ಯುವುದು. ರಿಚರ್ಡನ ಅಣ್ಣನ ಮಕ್ಕಳಾದ ಇಬ್ಬರು ಹುಡುಗರು ಲಂಡನ್ ಗೋಪುರವೆಂಬ ಕೋಟೆಯಲ್ಲಿ ಕಣ್ಮರೆಯಾದ ಕಥೆಯಲ್ಲಿ ಆ ಪದವನ್ನಿಟ್ಟರೆ ಮಕ್ಕಳ ಮನಸ್ಸು ಹುಡುಗರತ್ತ ಹೋಗುತ್ತದೆಯೇ ಹೊರತು ಕಿರೀಟದತ್ತ ಅಲ್ಲ. ‘ಅರಸುಗಳ್ಳ’ ಇನ್ನೂ ಕೆಟ್ಟದು. ದನಗಳ್ಳ ದನವನ್ನು ಕದ್ದವನಾದರೆ ಅರಸುಗಳ್ಳ ಅರಸನನ್ನೇ ಕದ್ದವನಾಗಬೇಕು. ಅದಿರಲಿ, ಕಳವು ನಡೆಯುವುದು ಕಣ್ಣು ತಪ್ಪಿಸಿ. ರಿಚರ್ಡ್ ಮಾಡಿದ್ದೆಲ್ಲ ಊರೆದುರಿಗೆ. 1483ರ ಏಪ್ರಿಲ್ 9ರಂದು ಅಣ್ಣ ನಾಲ್ಕನೆಯ ಎಡ್ವರ್ಡ್ ತೀರಿಕೊಂಡ. ಪಟ್ಟಕ್ಕೆ ಬರಬೇಕಾದ ಮಗನಿಗೆ ಹನ್ನೆರಡು ವರ್ಷ. ಗ್ಲಾಸ್ಟರಿನ ಡ್ಯೂಕ್ ಆಗಿದ್ದ ರಿಚರ್ಡ್ ಪಾಲಕನಾದ. ಜೂನ್ 13ರಂದು, ಅಣ್ಣನಿಗೆ ಆಪ್ತನಾಗಿದ್ದ ಹೇಸ್ಟಿಂಗ್ಸನನ್ನು ಸಭೆಯಿಂದಲೇ ಹಿಡಿಸಿ, ವಿಚಾರಣೆಯೂ ಇಲ್ಲದೆ ಅಂದೇ ತಲೆ ಕಡಿಸಿದ. ಜೂನ್ 22ರಂದು, ಅಣ್ಣನ ಮಕ್ಕಳು ಧರ್ಮಸಮ್ಮತ ಮದುವೆಯಲ್ಲಿ ಹುಟ್ಟಿದವರಲ್ಲವೆಂದು ಲಂಡನ್ನಿನಲ್ಲಿ ಬಹಿರಂಗ ಪ್ರವಚನವನ್ನೇ ಮಾಡಿಸಿ, ಜುಲೈ 6ರಂದು ತಾನೇ ಕಿರೀಟ ಧರಿಸಿದ. ಮರುವರ್ಷ ಸಂಸತ್ತಿನ ಒಪ್ಪಿಗೆಯನ್ನೂ ಪಡೆದ.

ತಬ್ಬಲಿ ಮಕ್ಕಳ ಆಸ್ತಿಯನ್ನು ನೋಡಿಕೊಳ್ಳಲು ಬಂದ ಬಂಧು ಕಾಗದಪತ್ರಗಳನ್ನೆಲ್ಲ ಸರಿಮಾಡಿಕೊಂಡು ಅದನ್ನು ತನ್ನದಾಗಿಸಿಕೊಂಡರೆ ನಮ್ಮ ಹಳ್ಳಿಗಳಲ್ಲಿ ಏನೆನ್ನುತ್ತಾರೆ? ಕಬಳಿಸಿದ ಎನ್ನುತ್ತಾರೆ. ಲ್ಯಾಟಿನ್ನಿನ ‘ಯುಸುರ್ಪಾರೆ’ಯಲ್ಲಿ ವಿದ್ವಾಂಸರು ಗುರುತಿಸುವುದೂ ‘ಬಳಕೆ’ ಮತ್ತು ‘ಕಸಿ’ ಎಂಬರ್ಥದ ಎರಡು ಬೇರುಗಳನ್ನು. ಬಳಸುತ್ತಲೇ ಕಸಿದುಕೊಳ್ಳುವುದು ಎಂದಾಯಿತು. ‘ಒತ್ತುವರಿ’ಯೂ ಈ ಅರ್ಥಕ್ಕೆ ಹತ್ತಿರ ಬರುತ್ತದೆ. ಆದರೆ ಅದು ಬದುವನ್ನು ಗೇಣು ಗೇಣಾಗಿ ಸರಿಸುವ ಕೆಲಸ, ಇಲ್ಲಿ ಹೋದದ್ದು ಇಡೀ ಹೊಲ.

‘ಕಬಳ’ವೂ ಸಂಸ್ಕೃತದ್ದೇ ಎಂದು ನಿಮ್ಮ ಗೆಳೆಯರು ಆಕ್ಷೇಪಿಸಬಹುದು. ಇರಲಿ. ಅಕ್ಷರ ಬಾರದ ರೈತನೂ ದಿನನಿತ್ಯ ಆಡುವ ಮಾತನ್ನು ಮೂಲ ನೋಡಿ ಹೊರಗಟ್ಟಿ, ಯಾರೂ ಆಡದ ಮಾತನ್ನು ಅಚ್ಚಗನ್ನಡವೆಂದು ಮಕ್ಕಳ ಕೈಗಿಡುವುದನ್ನು ನಾನು ಒಪ್ಪಲಾರೆ.

‘ಪ್ರೊಟೆಕ್ಟರ್’ಗೆ ‘ಪಾಲಕ’ ಸಾಕು. ಹಳೆಯ ಮೈಸೂರಿನ ‘ಸರ್ವಾಧಿಕಾರಿ’ ಸೊಗಸಾಗಿ ಹೊಂದುತ್ತಿತ್ತು. ಕರಾಚೂರಿ ನಂಜರಾಜಯ್ಯನವರಿಗಿದ್ದ ಪದವಿ ಅದು. ಈಗ ಆ ಪದಕ್ಕೆ ಹಿಟ್ಲರನ ನೆರಳು ಬಿದ್ದಿರುವುದರಿಂದ ಬೇಡ. ಇಂಗ್ಲಿಷಿನ ‘ಅಂಕಲ್’ ಇರುವ ಕಡೆಯಲ್ಲೆಲ್ಲ ತಪ್ಪದೆ ‘ಚಿಕ್ಕಪ್ಪ’ ಎಂದೇ ಬರೆಯಿರಿ. ಇಂಗ್ಲಿಷ್ ಹೇಳಲಾರದ ನೋವನ್ನು ಆ ಪದ ತಾನಾಗಿ ಹೇಳುತ್ತದೆ.

ಇನ್ನೊಂದು ಮಾತು. ‘ಕಬಳಿಸಿದವನು’ ಎಂದು ಹಣೆಪಟ್ಟಿ ಹಚ್ಚುವ ಬದಲು ಕ್ರಿಯಾಪದವಾಗಿಯೇ ಬಳಸಿ, ಏನನ್ನು, ಯಾರದ್ದನ್ನು ಎಂಬುದನ್ನೂ ಹೇಳಿ. ಸಾವಿಗೆ ‘ಹತನಾದ’ ಬೇಡ, ‘ಮಡಿದ’ ಎನ್ನಿ. ಬಾಸ್ವರ್ತ್ ಕಾಳಗದಲ್ಲಿ ಅವನು ಓಡಿಹೋಗದೆ ಹೋರಾಡಿ ಸತ್ತನೆಂಬುದನ್ನು ಅವನನ್ನು ಹಳಿದವರೂ ಬರೆದಿಟ್ಟಿದ್ದಾರೆ.

ಚಿತ್ರದ ಅಡಿಗೆ ಇಷ್ಟು ಸಾಕು: “ಮೂರನೆಯ ರಿಚರ್ಡ್. ಪಾಲಕನಾಗಿ ಬಂದು ಅಣ್ಣನ ಮಗನ ಪಟ್ಟವನ್ನು 1483ರಲ್ಲಿ ಕಬಳಿಸಿದ ಚಿಕ್ಕಪ್ಪ. 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ಮಡಿದ.”