ಹೊಸ ಮ್ಯಾನೇಜರ್ ಕಾಟ ತಡೆಯಲಾಗುತ್ತಿಲ್ಲ, ರಾಜೀನಾಮೆ ಕೊಡಲೇ? ಅನುಭವ ಇರುವವರು ಹೇಳಿ

ಕೇಳಿದವರು, ಪೀಣ್ಯದಿಂದ:
ನನಗೆ 54 ವರ್ಷ. ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ 23 ವರ್ಷದಿಂದ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೇನೆ. ಯುಗಾದಿ ಆದ ಮೇಲೆ ಹೊಸ ಮ್ಯಾನೇಜರ್ ಬಂದರು, ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವರು. ಬೆಳಗಿನ ಮೀಟಿಂಗ್‌ನಲ್ಲಿ ಹುಡುಗರ ಎದುರಿಗೇ "ನಿಮ್ಮ ಕಾಲ ಮುಗೀತು" ಅನ್ನುತ್ತಾರೆ. ಇಂಡೆಂಟ್‌ಗೆ, ಅಂದರೆ ಸಾಮಾನು ಬೇಕೆಂದು ಕೇಳುವ ಚೀಟಿಗೆ, ಸಹಿ ಹಾಕುವ ಅಧಿಕಾರ ಕಿತ್ತುಕೊಂಡರು. ಸ್ಟಾಕ್ ಕಡಿಮೆ ಬಿದ್ದರೆ ಮಾತ್ರ ನನ್ನನ್ನೇ ನಿಲ್ಲಿಸಿ ಕೇಳುತ್ತಾರೆ. ಎಚ್‌ಆರ್‌ನವರು "ನೀವಾಗೇ ಬಿಟ್ಟರೆ ಮರ್ಯಾದೆಯಿಂದ ಕಳಿಸಿಕೊಡ್ತೀವಿ" ಅಂದರು. ಮಗಳು ಇನ್ನೂ ಓದುತ್ತಿದ್ದಾಳೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಬೊಮ್ಮಸಂದ್ರದಿಂದ, ಕ್ವಾಲಿಟಿ ವಿಭಾಗದವರು:
ಸರ್, ಮೊದಲು ಅವರ ಬಾಯಿಮಾತು ಬರಹಕ್ಕೆ ಬರುವ ಹಾಗೆ ಮಾಡಿ. ನಮ್ಮಲ್ಲೂ ಇಂಥವರೊಬ್ಬರು ಬಂದಿದ್ದರು. ಲಾಟ್ ಕಳಿಸುವ ಅವಸರದಲ್ಲಿ, ಕ್ಯಾಲಿಬ್ರೇಷನ್ (ಉಪಕರಣದ ಅಳತೆ ಸರಿಯಿದೆಯೇ ಎಂಬ ತಪಾಸಣೆ) ಅವಧಿ ಮುಗಿದ ಮೈಕ್ರೋಮೀಟರ್‌ನಲ್ಲೇ ಅಳೆದು ಪಾಸ್ ಮಾಡಿ ಎಂದು ಕೂಗಾಡಿದರು. ನಾನು ವಾದಕ್ಕೆ ನಿಲ್ಲಲಿಲ್ಲ. ಟೇಬಲ್‌ಗೆ ಬಂದು ಮೇಲ್ ಬರೆದೆ: "ತಾವು ಈಗ ಹೇಳಿದಂತೆ, ಕ್ಯಾಲಿಬ್ರೇಷನ್ ಅವಧಿ ಮುಗಿದ ಮೈಕ್ರೋಮೀಟರ್‌ನಿಂದ ಅಳೆದು ಈ ಲಾಟ್ ಬಿಡುತ್ತಿದ್ದೇನೆ. ಬೇರೆ ಸೂಚನೆ ಇದ್ದರೆ ತಿಳಿಸಿ." ಸ್ವಲ್ಪ ಹೊತ್ತಿಗೇ ಫೋನ್ ಬಂತು, ಬೇಡ, ನಿಲ್ಲಿಸಿ ಅಂತ. ಆಮೇಲೆ ನನ್ನ ಹತ್ತಿರ ಮಾತಾಡುವಾಗ ಅವರು ಒಂದು ಸಲ ಯೋಚನೆ ಮಾಡುತ್ತಿದ್ದರು.

ನೀವೂ ಹೀಗೇ ಬರೆಯಿರಿ. ಇಂಥ ತಾರೀಖಿನಿಂದ ಇಂಡೆಂಟ್ ಸಹಿ ನನ್ನ ಬಳಿ ಇಲ್ಲ, ಸ್ಟಾಕ್ ಇಳಿದಾಗ ಯಾರಿಗೆ ತಿಳಿಸಲಿ ಎಂದು ಕೇಳಿ. ಸಿಟ್ಟಿನ ಒಂದು ಪದವೂ ಅದರಲ್ಲಿ ಇರಬಾರದು. ಜೊತೆಗೆ ಒಂದು ಸಲ ಫಿಸಿಕಲ್ ಸ್ಟಾಕ್ ಎಣಿಸಿ, ಸ್ಟೇಟ್‌ಮೆಂಟ್‌ಗೆ ಅವರ ಸಹಿಯನ್ನೂ ಹಾಕಿಸಿಕೊಳ್ಳಿ. ಅಧಿಕಾರ ಅವರದ್ದು, ಹೊಣೆ ನಿಮ್ಮದು ಅನ್ನುವ ಸ್ಥಿತಿಯಲ್ಲಿ ಒಂದು ದಿನವೂ ಜಾಸ್ತಿ ಇರಬೇಡಿ.

ಮೈಸೂರಿನಿಂದ, ಆಸ್ಪತ್ರೆ ಲ್ಯಾಬ್‌ನವರು:
ಅಣ್ಣ, ನಿಮ್ಮ ಸಂಕಟ ಓದಿ ಹೊಟ್ಟೆ ಕಿವುಚಿದಂತಾಯಿತು. ಹುಡುಗರ ಎದುರು ಬೈಸಿಕೊಳ್ಳುವುದು ಎಷ್ಟು ನೋವು ಅಂತ ನನಗೆ ಗೊತ್ತು. ಆದರೂ ಒಂದು ಮಾತು. ಬೈಗುಳದೊಳಗೆ ಕೆಲಸದ ಮಾತು ಏನಾದರೂ ಇದ್ದರೆ ಅದನ್ನಷ್ಟೇ ಎತ್ತಿಕೊಳ್ಳಿ. ನನ್ನ ಮೇಲಿನವರು ಬಾಯಿಗೆ ಬಂದಂತೆ ಅನ್ನುತ್ತಿದ್ದರು, ಆದರೆ ರಿಪೋರ್ಟ್ ಎಲ್ಲ ಕಂಪ್ಯೂಟರ್‌ನಲ್ಲೇ ಇರಬೇಕು ಎಂದದ್ದು ಸರಿಯಾಗಿತ್ತು. ಜೂನಿಯರ್ ಹುಡುಗಿಯ ಪಕ್ಕ ಕೂತು ಕಲಿತೆ. ಆಮೇಲೆ ಅವರಿಗೆ ಹಿಡಿದುಕೊಳ್ಳಲು ನೆಪ ಉಳಿಯಲಿಲ್ಲ.

ಒಂದು ದಿನ ಒಬ್ಬರೇ ಇದ್ದಾಗ ಹೋಗಿ ಹೇಳಿದೆ: "ತಪ್ಪಿದ್ದರೆ ಒಳಗೆ ಕರೆದು ಹೇಳಿ, ತಿದ್ದಿಕೊಳ್ತೀನಿ. ಎಲ್ಲರ ಎದುರು ಬೇಡ." ಅವರು ಒಳ್ಳೆಯವರೇನೂ ಆಗಲಿಲ್ಲ, ಆದರೆ ಎಲ್ಲರ ಮುಂದೆ ಕೂಗುವುದು ಕಡಿಮೆಯಾಯಿತು. ನಿದ್ದೆ ಬರದಿರುವುದನ್ನು ಸುಮ್ನೆ ಬಿಡಬೇಡಿ. ಬಿಪಿ ಒಂದು ಸಲ ತೋರಿಸಿಕೊಳ್ಳಿ.

ತುಮಕೂರಿನಿಂದ, ಪರ್ಸನಲ್ ವಿಭಾಗದಲ್ಲಿದ್ದು ನಿವೃತ್ತರಾದವರು:
ನಾನು ಮೇಜಿನ ಆ ಕಡೆ ಕೂತು ಇಂಥ ಎಷ್ಟೋ ರಾಜೀನಾಮೆ ನೋಡಿದ್ದೇನೆ. ಸಿಟ್ಟಿನಲ್ಲಿ ಬರೆದ ಪತ್ರದಿಂದ ಕಂಪನಿಗೆ ಮಾತ್ರ ಲಾಭ. ಲೆಕ್ಕ ಹೇಳುತ್ತೇನೆ, ಸಮಾಧಾನದಿಂದ ಓದಿ.

5 ವರ್ಷ ಸರ್ವಿಸ್ ಆದವರಿಗೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ, ಅಂದರೆ ಸರ್ವಿಸ್‌ಗಾಗಿ ಕಂಪನಿ ಕೊನೆಗೆ ಒಟ್ಟಿಗೆ ಕೊಡುವ ಹಣ, ಸಿಗುತ್ತದೆ. ಅದನ್ನು ತಡೆಹಿಡಿಯುತ್ತೇವೆ ಎಂದು ಹೆದರಿಸಿದರೆ ನಂಬಬೇಡಿ. 30 ದಿನದೊಳಗೆ ಕೊಡಬೇಕು. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನ ಅಂತ ಲೆಕ್ಕ. ಬೇಸಿಕ್ ಮತ್ತು ಡಿಎ ಸೇರಿ 40,000 ಇದ್ದರೆ, 23 ವರ್ಷಕ್ಕೆ ಸುಮಾರು 5.30 ಲಕ್ಷ. ಕೊನೆಯ ವೇತನದ ಮೇಲೆ ಇಡೀ ಸರ್ವಿಸ್‌ನ ಲೆಕ್ಕ ನಿಲ್ಲುತ್ತದೆ. ಹಾಗಾಗಿ ಇಂಕ್ರಿಮೆಂಟ್ ಹತ್ತಿರ ಇದ್ದರೆ ಅದನ್ನು ಬಿಟ್ಟು ಹೊರಡಬೇಡಿ.

ಪಿಎಫ್ ಪಿಂಚಣಿ ಪೂರ್ತಿ ಬರುವುದು 58ಕ್ಕೆ. 50 ಆದಮೇಲೆ ಕೆಲಸ ಬಿಟ್ಟವರು ಮೊದಲೇ ತೆಗೆದುಕೊಳ್ಳಬಹುದು, ಆದರೆ ಎಷ್ಟು ವರ್ಷ ಮುಂಚೆಯೋ ಅಷ್ಟಕ್ಕೂ ವರ್ಷಕ್ಕೆ 4% ಕಡಿತ. ಆ ಕಡಿತ ಜೀವನ ಪೂರ್ತಿ ಇರುತ್ತದೆ. ಕೈ ಬಿಗಿಯಾದಾಗ ಜನ ಇದಕ್ಕೇ ಕೈ ಹಾಕುತ್ತಾರೆ.

ಮುಖ್ಯವಾದದ್ದು ಇನ್ನೊಂದಿದೆ. ಕಂಪನಿಯೇ ನಿಮ್ಮನ್ನು ಹೆಚ್ಚುವರಿ ಎಂದು ತೆಗೆದರೆ ನೋಟಿಸ್ ಕೊಡಬೇಕು, ಗ್ರಾಚ್ಯುಟಿ ಅಲ್ಲದೆ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಕೊಡಬೇಕು. ನೀವಾಗೇ ಬಿಟ್ಟರೆ ಅದು ಹೋಯಿತು. ಎಚ್‌ಆರ್‌ನವರ ಮರ್ಯಾದೆಯ ಮಾತಿನ ಹಿಂದೆ ಇರುವುದು ಇದೇ. ಕಾನೂನಿನಲ್ಲಿ ಕಾರ್ಮಿಕ ಎನಿಸಿಕೊಂಡವರಿಗಷ್ಟೇ ಈ ರಕ್ಷಣೆ, ಮ್ಯಾನೇಜರ್ ಮಟ್ಟದವರಿಗೆ ಇಲ್ಲ. ಹುದ್ದೆಯ ಹೆಸರಿಗಿಂತ ನೀವು ನಿಜವಾಗಿ ಮಾಡುವ ಕೆಲಸ ಏನು ಅನ್ನುವುದೇ ಲೆಕ್ಕಕ್ಕೆ ಬರುತ್ತದೆ. ಅಪಾಯಿಂಟ್‌ಮೆಂಟ್ ಆರ್ಡರ್ ಹಿಡಿದುಕೊಂಡು ಕಾರ್ಮಿಕ ವಕೀಲರೊಬ್ಬರನ್ನು ನೋಡಿ, ಇಲ್ಲವೇ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ.

ದಾಬಸ್‌ಪೇಟೆಯಿಂದ:
ನಾನು ಬಿಟ್ಟೆ, ಸರ್. ಸರಿಯಾಗಿಯೇ ಬಿಟ್ಟೆ ಅನಿಸುತ್ತದೆ, ಎದೆನೋವು ಶುರುವಾಗಿತ್ತು. ಆದರೆ ಬೇರೆ ಕೆಲಸದ ಆರ್ಡರ್ ಕೈಗೆ ಬಂದ ಮೇಲೇ ಪತ್ರ ಕೊಟ್ಟದ್ದು. ಸ್ಟೋರ್ಸ್ ಗೊತ್ತಿರುವ, ನಂಬಿಕಸ್ತ ಜನ ಸಣ್ಣ ಕಾರ್ಖಾನೆಗಳಿಗೆ ಬೇಕೇ ಬೇಕು. ನಿಮ್ಮ ಸಪ್ಲೈಯರ್‌ಗಳ ಹತ್ತಿರವೇ ಮೆಲ್ಲಗೆ ವಿಚಾರಿಸಿ. ಇನ್ನೊಂದು, ಕಂಪನಿಯ ಮೆಡಿಕಲ್ ಇನ್ಶೂರೆನ್ಸ್ ಕೆಲಸದ ಜೊತೆಗೇ ಹೋಗುತ್ತದೆ. ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ, ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಮೊದಲೇ ಅರ್ಜಿ ಕೊಡಿ.

ಕೇಳಿದವರು:
ಎಲ್ಲರಿಗೂ ಕೈ ಮುಗಿಯುತ್ತೇನೆ. ಇಂಡೆಂಟ್ ವಿಷಯದ ಮೇಲ್ ಇವತ್ತೇ ಬರೆದಿಟ್ಟೆ, ಮಗಳು ಓದಿ ಎರಡು ಸಾಲು ಕಡಿಮೆ ಮಾಡಿದಳು. ಒಂದೇ ಭಯ. ರೂಮಿಗೆ ಕರೆದು, ಟೈಪ್ ಮಾಡಿಟ್ಟ ಪತ್ರಕ್ಕೆ ಈಗಲೇ ಸಹಿ ಹಾಕಿ ಅಂದರೆ?

ತುಮಕೂರಿನವರು:
"ಮನೆಯಲ್ಲಿ ಮಾತಾಡಿ ಹೇಳ್ತೀನಿ, ಒಂದು ಕಾಪಿ ಕೊಡಿ" ಅನ್ನಿ. ಅಷ್ಟು ಹೇಳಿ ಎದ್ದು ಬನ್ನಿ. ಕಾಪಿ ಕೊಡದಿದ್ದರೂ ಪರವಾಗಿಲ್ಲ. ಹೊರಗೆ ಬಂದ ಕೂಡಲೇ, ಇಷ್ಟು ಗಂಟೆಗೆ ಇಂಥವರು ಕರೆದು ರಾಜೀನಾಮೆಗೆ ಸಹಿ ಕೇಳಿದರು, ನಾನು ಹಾಕಿಲ್ಲ, ನನಗೆ ಕೆಲಸದಲ್ಲಿ ಮುಂದುವರಿಯುವ ಇಚ್ಛೆ ಇದೆ ಎಂದು ಎಚ್‌ಆರ್‌ಗೆ ಮೇಲ್ ಹಾಕಿ. ಅದರ ಒಂದು ಪ್ರಿಂಟ್ ಮನೆಯಲ್ಲಿ ಇರಲಿ.