ಸದ್ದಿಲ್ಲದ ಟಿವಿ ಪಿಸಿಗೆ ಯಾವ ಮದರ್‌ಬೋರ್ಡ್? 4ಕೆ 30 ಹರ್ಟ್ಸ್‌ಗೇ ನಿಂತಿದೆ, ಫ್ಯಾನ್ ಏರಿಳಿತ ತಪ್ಪುತ್ತಿಲ್ಲ

ಬಿಸಿಲುನಾಡು:
ಹಾಲ್‌ನಲ್ಲಿ ಟಿವಿ ಕೆಳಗಿನ ಶೋಕೇಸ್‌ನಲ್ಲಿರುವ ಪಿಸಿ. ಊರು ಕಲಬುರಗಿ, ಹಾಲ್‌ಗೆ ಎಸಿ ಇಲ್ಲ. ಐ5-8400, ಎಚ್310 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ ಬೋರ್ಡ್, ಡಿಡಿಆರ್4 8 ಜಿಬಿ ಒಂದೇ ಸ್ಟಿಕ್, ಪ್ರೊಸೆಸರ್ ಜೊತೆ ಬಂದ ಕೂಲರ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅಡ್ಡ ಮಲಗಿಸುವ ಕ್ಯಾಬಿನೆಟ್, ಕೂಲರ್‌ಗೆ 60 ಮಿ.ಮೀ. ಎತ್ತರ ಸಿಗುತ್ತದೆ. ವಿಂಡೋಸ್‌ನಲ್ಲಿ ಕೋಡಿ (ಸಿನಿಮಾ ಓಡಿಸುವ ತಂತ್ರಾಂಶ) ಮತ್ತು ಬ್ರೌಸರ್ ಬಿಟ್ಟರೆ ಬೇರೇನೂ ಓಡುವುದಿಲ್ಲ.

ತೊಂದರೆ ಮೂರು. 4ಕೆ ಟಿವಿಗೆ 30 ಹರ್ಟ್ಸ್ ಮೇಲೆ ಹೋಗುತ್ತಿಲ್ಲ, ಎಚ್‌ಡಿಆರ್ (ಬೆಳಕು-ನೆರಳು ಹೆಚ್ಚು ಚೆನ್ನಾಗಿ ಕಾಣುವ ಚಿತ್ರ) ಆಯ್ಕೆಯೇ ಕಾಣಿಸಲ್ಲ. ಯೂಟ್ಯೂಬ್‌ನ ಕೆಲವು 4ಕೆ ವಿಡಿಯೋ ತಡವರಿಸುತ್ತವೆ, ಆಗ ಪ್ರೊಸೆಸರ್ 90% ದಾಟಿರುತ್ತದೆ. ಮೂರನೆಯದು ಸದ್ದು: ಪ್ರೊಸೆಸರ್ ಫ್ಯಾನ್ ಕೆಲವು ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ, ಕ್ಯಾಬಿನೆಟ್‌ನ 3 ಪಿನ್ ಫ್ಯಾನ್ ಸದಾ ಫುಲ್ ಸ್ಪೀಡ್. ಅಂಗಡಿಯಲ್ಲಿ ಬಿ760 ಗೇಮಿಂಗ್ ಬೋರ್ಡ್ ತೋರಿಸುತ್ತಿದ್ದಾರೆ. ಅಷ್ಟು ಬೇಕಾ?

ಸದ್ದಡಗು:
ಬೇಡ ಸರ್. ಟಿವಿ ಪಿಸಿಗೆ ಬೋರ್ಡ್ ಆರಿಸುವಾಗ ನೋಡಬೇಕಾದ್ದು ಹಿಂದಿನ ಎಚ್‌ಡಿಎಂಐ ಪೋರ್ಟ್ ಯಾವ ಆವೃತ್ತಿ, ಫ್ಯಾನ್ ಹೆಡರ್‌ಗಳನ್ನು (ಬೋರ್ಡಿನಲ್ಲಿ ಫ್ಯಾನ್ ಸಿಕ್ಕಿಸುವ ಪಿನ್‌ಗಳು) ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಹೇಗೆ ಆಳುತ್ತದೆ, ಇವೆರಡೇ. ಗೇಮಿಂಗ್ ಬೋರ್ಡ್‌ನ ದಪ್ಪ ಹೀಟ್‌ಸಿಂಕ್, ಹೆಚ್ಚುವರಿ ಎಂ.2 ಸ್ಲಾಟ್, ಲೈಟಿಂಗ್ ಯಾವುದೂ ಸದ್ದು ತಗ್ಗಿಸಲ್ಲ.

ಕೊಳ್ಳುವ ಮೊದಲು ಒಂದು ಪರೀಕ್ಷೆ. ಎಷ್ಟೋ ಟಿವಿಗಳಲ್ಲಿ ಎಚ್‌ಡಿಎಂಐ ಪೋರ್ಟಿನ ಪೂರ್ತಿ ವೇಗವನ್ನು ಸೆಟಿಂಗ್‌ನಲ್ಲಿ ಕೈಯಾರೆ ಆನ್ ಮಾಡಬೇಕು. ಎಲ್‌ಜಿಯಲ್ಲಿ ಅದರ ಹೆಸರು ಅಲ್ಟ್ರಾ ಎಚ್‌ಡಿ ಡೀಪ್ ಕಲರ್, ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್. ಅದು ಆನ್ ಇದ್ದೂ 30ಕ್ಕೇ ನಿಂತರೆ ಬೋರ್ಡಿನ ಮಿತಿ.

ನಿಮ್ಮದು ಬಹುಪಾಲು ಬೋರ್ಡಿನದ್ದೇ. ಇಂಟೆಲ್ 10ನೇ ತಲೆಮಾರಿನವರೆಗೆ ಡೆಸ್ಕ್‌ಟಾಪ್ ಪ್ರೊಸೆಸರ್‌ನ ಗ್ರಾಫಿಕ್ಸ್ ತಾನಾಗಿ ಕೊಡುತ್ತಿದ್ದದ್ದು ಎಚ್‌ಡಿಎಂಐ 1.4 ಮಾತ್ರ, ಅಂದರೆ ಸೆಕೆಂಡಿಗೆ 10.2 ಗಿಗಾಬಿಟ್. 4ಕೆ 60 ಹರ್ಟ್ಸ್‌ಗೆ ಬೇಕಾದ ಎಚ್‌ಡಿಎಂಐ 2.0, ಅಂದರೆ 18 ಗಿಗಾಬಿಟ್, ಬರಬೇಕಾದರೆ ಡಿಸ್‌ಪ್ಲೇಪೋರ್ಟ್ ಸಿಗ್ನಲ್ಲನ್ನು ಬದಲಿಸುವ ಬೇರೆ ಚಿಪ್ ಅನ್ನು ಬೋರ್ಡ್ ತಯಾರಕರು ಹಾಕಬೇಕಿತ್ತು. ಅಗ್ಗದ ಎಚ್310 ಬೋರ್ಡ್‌ಗಳಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. 11ನೇ ತಲೆಮಾರಿನಿಂದ ಪ್ರೊಸೆಸರ್‌ನಲ್ಲೇ ಎಚ್‌ಡಿಎಂಐ 2.0 ಬಂತು. ಯೂಟ್ಯೂಬ್ ತಡವರಿಸುವುದಕ್ಕೆ ಕಾರಣ ಎವಿ1 ಎಂಬ ವಿಡಿಯೋ ಕುಗ್ಗಿಸುವ ವಿಧಾನ: ಐ5-8400ರೊಳಗಿನ ಗ್ರಾಫಿಕ್ಸ್ ಯುಎಚ್‌ಡಿ 630 ಹಳೆಯ ವಿಧಾನಗಳಾದ ಎಚ್‌ಇವಿಸಿ, ವಿಪಿ9 ಎರಡನ್ನೂ ಬಿಡಿಸುತ್ತದೆ, ಎವಿ1 ಬಿಡಿಸಲ್ಲ. ಆ ಕೆಲಸವೆಲ್ಲ ಕೋರ್‌ಗಳ ಮೇಲೆ ಬೀಳುತ್ತದೆ, ಫ್ಯಾನ್ ಕೂಗುತ್ತದೆ.

ಎವಿ ರಿಸೀವರ್ (ಸ್ಪೀಕರ್‌ಗಳಿಗೆ ಶಬ್ದ ಕೊಡುವ ಆಂಪ್ಲಿಫೈಯರ್) ಇದೆಯಾ? ಅದು ಗೊತ್ತಾಗದೆ ಪೋರ್ಟ್ ಎಷ್ಟು ಬೇಕು ಅಂತ ಹೇಳಲಾಗದು.

ಬಿಸಿಲುನಾಡು:
ಟಿವಿ ಸೆಟಿಂಗ್ ಆನ್ ಮಾಡಿದೆ, ಬದಲಾವಣೆ ಇಲ್ಲ. ರಿಸೀವರ್ ಇದೆ, 5.1, ಹಳೆಯದು. ಅದರ ಎಚ್‌ಡಿಎಂಐ 1.4. ಪಿಸಿಯಿಂದ ಟಿವಿಗೆ, ಟಿವಿಯಿಂದ ಎಆರ್‌ಸಿ (ಎಚ್‌ಡಿಎಂಐ ಕೇಬಲ್‌ನಲ್ಲೇ ಟಿವಿಯ ಶಬ್ದ ಹಿಂದಕ್ಕೆ ಹೋಗುವ ದಾರಿ) ಮೂಲಕ ರಿಸೀವರ್‌ಗೆ ಕೊಟ್ಟಿದ್ದೇನೆ. ಟ್ರೂಎಚ್‌ಡಿ (ಗುಣಮಟ್ಟ ಕುಂದದ ಸಿನಿಮಾ ಶಬ್ದ) ಬರುತ್ತಿಲ್ಲ.

ಪರದೆಪಟ:
ಎಆರ್‌ಸಿಯಲ್ಲಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಬರುವುದೇ ಇಲ್ಲ, ಆ ದಾರಿಗೆ ಅಷ್ಟು ಅಗಲವಿಲ್ಲ. ಆಪ್ಟಿಕಲ್ ಕೇಬಲ್ ಹಾಕಿದರೂ ಸಿಗುವುದು ಡಾಲ್ಬಿ ಡಿಜಿಟಲ್, ಮಾಮೂಲಿ ಡಿಟಿಎಸ್, ಅಷ್ಟೇ. ಪಿಸಿಯನ್ನು ನೇರ ರಿಸೀವರ್‌ಗೆ ಕೊಟ್ಟು ಅಲ್ಲಿಂದ ಟಿವಿಗೆ ಒಯ್ದರೆ 1.4 ರಿಸೀವರ್ 4ಕೆ 60ನ್ನು ತಡೆಯುತ್ತದೆ.

ಹಾಗಾಗಿ ಎರಡು ಡಿಜಿಟಲ್ ಔಟ್‌ಪುಟ್ ಇರುವ ಬೋರ್ಡ್ ನೋಡಿ: ಎರಡು ಎಚ್‌ಡಿಎಂಐ ಇದ್ದರೆ ಲೇಸು, ಒಂದು ಎಚ್‌ಡಿಎಂಐ ಒಂದು ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐಗೆ ಬದಲಿಸುವ ಕೇಬಲ್ ಜೊತೆ) ಆದರೂ ನಡೆಯುತ್ತದೆ. ಒಂದು ನೇರ ಟಿವಿಗೆ, ಇನ್ನೊಂದು ಬರೀ ಶಬ್ದಕ್ಕೆ ರಿಸೀವರ್‌ಗೆ. ವಿಂಡೋಸ್ ರಿಸೀವರನ್ನು ಎರಡನೇ ಪರದೆ ಅಂದುಕೊಳ್ಳುತ್ತದೆ. ಡಿಸ್‌ಪ್ಲೇ ಸೆಟಿಂಗ್‌ನಲ್ಲಿ ಎಕ್ಸ್‌ಟೆಂಡ್ ಆರಿಸಿ, ಅದನ್ನು 1080ಪಿಗೆ ಇಳಿಸಿ, ಮೌಸ್ ಆಕಡೆ ಕಳೆದುಹೋಗದಂತೆ ಟಿವಿಯ ಒಂದು ಮೂಲೆಗೆ ಮಾತ್ರ ತಾಗುವ ಹಾಗೆ ಎಳೆದಿಡಿ. ಡುಪ್ಲಿಕೇಟ್ ಆರಿಸಬೇಡಿ, ಟಿವಿಯೂ ರಿಸೀವರ್‌ನ ಮಟ್ಟಕ್ಕೆ ಇಳಿಯುತ್ತದೆ. ಕೋಡಿಯ ಆಡಿಯೋ ಸೆಟಿಂಗ್‌ನಲ್ಲಿ ರಿಸೀವರ್‌ನ ವಾಸಾಪಿ (WASAPI) ಸಾಲನ್ನು ಆರಿಸಿ ಪಾಸ್‌ಥ್ರೂ (ಶಬ್ದವನ್ನು ಪಿಸಿ ಬಿಡಿಸದೆ ಹಾಗೇ ರಿಸೀವರ್‌ಗೆ ದಾಟಿಸುವುದು) ಆನ್ ಮಾಡಿ. ಡೈರೆಕ್ಟ್‌ಸೌಂಡ್ ಸಾಲು ಆರಿಸಿದರೆ ಟ್ರೂಎಚ್‌ಡಿ ಸಿಗಲ್ಲ.

ಸದ್ದಡಗು:
ಈಗ ಲೆಕ್ಕ ಸ್ಪಷ್ಟವಾಯಿತು. ಎಲ್‌ಜಿಎ 1700 ಸಾಕೆಟ್, ಎಚ್610 ಅಥವಾ ಬಿ660 ಚಿಪ್‌ಸೆಟ್, ಡಿಡಿಆರ್4 ಮಾದರಿ, ಐ3-12100. ಅದರ ಯುಎಚ್‌ಡಿ 730 ಎವಿ1 ಬಿಡಿಸುತ್ತದೆ. ಐ3-12100ಎಫ್ ಅಂತ 'ಎಫ್' ಇದ್ದರೆ ಗ್ರಾಫಿಕ್ಸೇ ಇರಲ್ಲ, ಎಚ್‌ಡಿಎಂಐ ಪೋರ್ಟ್ ಇದ್ದೂ ಚಿತ್ರ ಬರಲ್ಲ. ಬೆಲೆ ಕಮ್ಮಿ ಅಂತ ಅಂಗಡಿಯವರು ಅದನ್ನೇ ಕೈಗಿಡಬಹುದು, ಬಿಲ್ ಮಾಡಿಸುವಾಗ ಪೆಟ್ಟಿಗೆ ಮೇಲೆ ಓದಿಕೊಳ್ಳಿ.

ಡಿಡಿಆರ್4 ಯಾಕೆಂದರೆ ಈಗಿನ ಸ್ಟಿಕ್ಕೇ ನಡೆಯುತ್ತದೆ. ಇನ್ನೊಂದು 8 ಜಿಬಿ ಸೇರಿಸಿದರೆ ಡ್ಯುಯಲ್ ಚಾನೆಲ್, ಅಂದರೆ ಮೆಮೊರಿಗೆ ಎರಡು ದಾರಿ. ಪ್ರೊಸೆಸರ್‌ನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ಇದನ್ನೇ ಹಂಚಿಕೊಳ್ಳುವುದು, ಹಾಗಾಗಿ ಈ ಖರ್ಚು ದಂಡವಲ್ಲ.

ಚಿಕ್ಕ ಮಿನಿ ಐಟಿಎಕ್ಸ್ ಬೋರ್ಡಿನ ಆಸೆ ಇದ್ದರೆ ಬಿಡಿ. ಕ್ಯಾಬಿನೆಟ್ ಮೈಕ್ರೋ ಎಟಿಎಕ್ಸ್ ಹಿಡಿಸುವಾಗ 17 ಸೆಂ.ಮೀ. ಬೋರ್ಡಿಗೆ ಜಾಸ್ತಿ ದುಡ್ಡು ಕೊಟ್ಟು ಫ್ಯಾನ್ ಹೆಡರ್ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಮಾಡೆಲ್ ಗೊತ್ತುಮಾಡುವ ಮೊದಲು ತಯಾರಕರ ಜಾಲತಾಣದಲ್ಲಿ ಮ್ಯಾನ್ಯುಯಲ್ ಪಿಡಿಎಫ್ ಇಳಿಸಿಕೊಂಡು ಎರಡು ಪುಟ ಓದಿ. ಹಿಂಬದಿ ಪೋರ್ಟ್‌ಗಳ ಪುಟದಲ್ಲಿ ಎಚ್‌ಡಿಎಂಐ ಎದುರು 3840x2160, 60 ಹರ್ಟ್ಸ್ ಅಂತ ಬರೆದಿರಬೇಕು. ಪ್ರೊಸೆಸರ್‌ಗೆ ಸಾಮರ್ಥ್ಯ ಇದ್ದೂ ಬೋರ್ಡಿನಲ್ಲಿ 30 ಅಂತ ಇದ್ದರೆ ಅದನ್ನು ಬಿಟ್ಟುಬಿಡಿ. ಫ್ಯಾನ್ ಹೆಡರ್ ಪುಟದಲ್ಲಿ ಸಿಸ್ಟಮ್ ಫ್ಯಾನ್‌ಗೆ ಪಿಡಬ್ಲ್ಯೂಎಂ (ಬೇರೆ ತಂತಿಯಲ್ಲಿ ವೇಗದ ಆಜ್ಞೆ) ಮತ್ತು ಡಿಸಿ (ವೋಲ್ಟೇಜ್ ತಗ್ಗಿಸಿ ವೇಗ ಇಳಿಸುವುದು) ಎರಡೂ ಮೋಡ್ ಇರಬೇಕು. ನಿಮ್ಮ ಕ್ಯಾಬಿನೆಟ್ ಫ್ಯಾನ್ ಕೂಗುತ್ತಿರುವುದು ಇಲ್ಲೇ: ಪಿಡಬ್ಲ್ಯೂಎಂ ಮಾತ್ರ ಇರುವ ಹೆಡರ್ ಸದಾ 12 ವೋಲ್ಟ್ ಕೊಡುತ್ತದೆ, ವೇಗದ ಆಜ್ಞೆ ಹೋಗುವುದು ನಾಲ್ಕನೇ ತಂತಿಯಲ್ಲಿ. 3 ಪಿನ್ ಫ್ಯಾನ್‌ಗೆ ಆ ತಂತಿಯೇ ಇಲ್ಲ.

ಚಿಪ್‌ಸೆಟ್ ಮೇಲೆ ಪುಟ್ಟ ಫ್ಯಾನ್ ಇರುವ ಬೋರ್ಡ್ ಯಾವತ್ತೂ ಬೇಡ. ಎಎಂಡಿ ಎಕ್ಸ್570ರ ಬಹುತೇಕ ಬೋರ್ಡ್‌ಗಳಲ್ಲಿ ಅದಿತ್ತು, ಅದರ ಕೀರಲು ದನಿ 120 ಮಿ.ಮೀ. ಫ್ಯಾನ್‌ಗಿಂತ ಹೆಚ್ಚು ಕಿವಿಗೆ ಚುಚ್ಚುತ್ತದೆ. ಎಚ್610 ಚಿಪ್‌ಸೆಟ್ 6 ವ್ಯಾಟ್ ಮಾತ್ರ, ಸಾದಾ ಹೀಟ್‌ಸಿಂಕ್ ಸಾಕು.

ಮೌನರಾಗ:
ಇಷ್ಟೆಲ್ಲ ಯಾಕೆ, ಎನ್100 ಪ್ರೊಸೆಸರ್ ಬೆಸುಗೆ ಹಾಕಿ ಬರುವ ಬೋರ್ಡ್ ತಗೊಳ್ಳಿ ಸರ್. 6 ವ್ಯಾಟ್, ಫ್ಯಾನೇ ಬೇಡ, ಎವಿ1 ಕೂಡ ಬಿಡಿಸುತ್ತದೆ.

ಸದ್ದಡಗು:
ವಿಂಡೋಸ್ ಬದಲು ಲಿಬ್ರೆಎಲೆಕ್ (ಕೋಡಿಗೆಂದೇ ಇರುವ ಪುಟ್ಟ ಆಪರೇಟಿಂಗ್ ಸಿಸ್ಟಮ್) ಹಾಕಿ ಕೋಡಿ ಒಂದನ್ನೇ ನಡೆಸುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇವರದು ವಿಂಡೋಸ್ ಮತ್ತು ಬ್ರೌಸರ್, ಮೇಲಾಗಿ ಕಲಬುರಗಿಯ ಮೇ ತಿಂಗಳು. ಶೋಕೇಸ್ ಒಳಗೆ 42 ಡಿಗ್ರಿ ಗಾಳಿ ಅಲುಗಾಡದೆ ನಿಂತಿದ್ದರೆ ಫ್ಯಾನಿಲ್ಲದ ಹೀಟ್‌ಸಿಂಕ್ ಬಿಸಿಯನ್ನು ಎಲ್ಲಿಗೆ ಬಿಡಬೇಕು? ಒಂದು ದೊಡ್ಡ ಫ್ಯಾನ್ ನಿಮಿಷಕ್ಕೆ 500-600 ಸುತ್ತಿನಲ್ಲಿ ನಿಧಾನ ತಿರುಗಿದರೆ ಸೋಫಾದವರೆಗೆ ಸದ್ದು ಬರಲ್ಲ, ಬಿಸಿ ಮಾತ್ರ ಹೊರಗೆ ಹೋಗುತ್ತದೆ. ಜೊತೆಗೆ ಎನ್100 ಒಂದೇ ಮೆಮೊರಿ ಚಾನೆಲ್, ಲ್ಯಾಪ್‌ಟಾಪ್ ಮಾದರಿ ರ‍್ಯಾಮ್ ಬೇಡುವ ಬೋರ್ಡ್ ಆದರೆ ಹಳೆಯ ಸ್ಟಿಕ್ಕೂ ದಂಡ.

ಬಿಸಿಲುನಾಡು:
ಎಚ್610 ಮೈಕ್ರೋ ಎಟಿಎಕ್ಸ್ ಗೊತ್ತುಮಾಡಿದೆ: ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಮ್ಯಾನ್ಯುಯಲ್‌ನಲ್ಲಿ 4ಕೆ 60 ಇದೆ, ಸಿಸ್ಟಮ್ ಫ್ಯಾನ್ ಹೆಡರ್‌ಗೆ ಎರಡೂ ಮೋಡ್ ಇದೆ. ಕೂಲರ್ ಯಾವುದು? ಬಯೋಸ್‌ನಲ್ಲಿ ಏನು ಹಾಕಬೇಕು?

ಸದ್ದಡಗು:
ಕೂಲರ್ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್53. ಎತ್ತರ 53 ಮಿ.ಮೀ., ಮೇಲೆ 7 ಮಿ.ಮೀ. ಉಳಿಯುತ್ತದೆ, ಮುಚ್ಚಳದಲ್ಲಿ ಅದರ ನೇರಕ್ಕೆ ಜಾಲರಿ ಇರಲೇಬೇಕು. ಗಾಳಿ ಕೆಳಮುಖ ಊದುವುದರಿಂದ ಸಾಕೆಟ್ ಸುತ್ತಲಿನ ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಹದಮಾಡಿ ಕೊಡುವ ಭಾಗ) ಕೂಡ ತಣ್ಣಗಾಗುತ್ತದೆ. ಎಚ್610ರಲ್ಲಿ ಅದರ ಮೇಲೆ ಹೀಟ್‌ಸಿಂಕ್ ಇರದಿರುವುದೇ ಹೆಚ್ಚು, ಹಾಗಾಗಿ ಇದು ಮುಖ್ಯ. ಎತ್ತರದ ತಗಡು ಹೊದ್ದ ರ‍್ಯಾಮ್ ಬೇಡ, ಸಾದಾ ಸ್ಟಿಕ್ ಸಾಕು.

ಬಯೋಸ್‌ನಲ್ಲಿ ಮೊದಲು ಪವರ್ ಮಿತಿ. ಐ3-12100ರ ಗರಿಷ್ಠ 89 ವ್ಯಾಟ್. ಲಾಂಗ್ ಡ್ಯುರೇಶನ್ (ಸತತ ಮಿತಿ) 45, ಶಾರ್ಟ್ ಡ್ಯುರೇಶನ್ (ಸ್ವಲ್ಪ ಹೊತ್ತಿನ ಮಿತಿ) 60 ಹಾಕಿ. ಸಿನಿಮಾ ನೋಡುವಾಗ ಅಷ್ಟು ಬೇಕಾಗುವುದೇ ಇಲ್ಲ, ಬ್ರೌಸರ್ ತೆರೆದಾಗಿನ ಜಿಗಿತ ಮಾತ್ರ ಕಡಿಮೆಯಾಗುತ್ತದೆ.

ಆಮೇಲೆ ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಪಟ್ಟಿ. ಏಸುಸ್‌ನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಎಂಎಸ್‌ಐನಲ್ಲಿ ಹಾರ್ಡ್‌ವೇರ್ ಮಾನಿಟರ್ ಒಳಗೆ ಸಿಗುತ್ತದೆ. ಕೋಣೆಯೇ 40 ಇದ್ದಾಗ ಪ್ರೊಸೆಸರ್ ಸುಮ್ಮನಿದ್ದರೂ 50ರ ಆಸುಪಾಸಿನಲ್ಲಿರುತ್ತದೆ. 45 ಡಿಗ್ರಿಯಿಂದಲೇ ಏರುವ ಕರ್ವ್ ಇದ್ದರೆ ಪ್ರತಿ ಕ್ಲಿಕ್ಕಿಗೂ ಫ್ಯಾನ್ ಓಡುತ್ತದೆ. ನಿಮ್ಮ ಏರಿಳಿತದ ಮೂಲ ಅದು. ಹೀಗೆ ಹಾಕಿ: 58 ಡಿಗ್ರಿವರೆಗೆ 25%, 68ಕ್ಕೆ 35%, 78ಕ್ಕೆ 60%, 88ಕ್ಕೆ 100%. ಈ ಪ್ರೊಸೆಸರ್‌ನ ಮಿತಿ 100 ಡಿಗ್ರಿ, ಹೆದರಬೇಡಿ. ಸ್ಟೆಪ್ ಅಪ್, ಸ್ಟೆಪ್ ಡೌನ್ ಸಮಯ ಕೇಳಿದರೆ ಬೋರ್ಡ್ ಕೊಡುವ ಅತಿ ಹೆಚ್ಚಿನದನ್ನು ಕೊಡಿ. 25%ರಲ್ಲಿ ಫ್ಯಾನ್ ತಿರುಗದೆ ನಿಂತರೆ 30 ಮಾಡಿ.

ಕ್ಯಾಬಿನೆಟ್ ಫ್ಯಾನ್ 3 ಪಿನ್ ಇರುವವರೆಗೆ ಆ ಹೆಡರನ್ನು ಡಿಸಿ ಮೋಡ್‌ಗೆ ಹಾಕಿ, 40%ಗಿಂತ ಕೆಳಗೆ ಬೇಡ, ಕೆಲವು ಫ್ಯಾನ್ ಆ ವೋಲ್ಟೇಜಿನಲ್ಲಿ ಶುರುವೇ ಆಗಲ್ಲ. ಆಟೋ ಬಿಟ್ಟರೆ ಬೋರ್ಡ್ ತಪ್ಪಾಗಿ ಗುರುತಿಸಿ ಮತ್ತೆ ಫುಲ್ ಸ್ಪೀಡ್ ಆಗಬಹುದು.

ಪರದೆಪಟ:
ರಿಮೋಟ್‌ನ ಯುಎಸ್‌ಬಿ ರಿಸೀವರ್‌ನಿಂದ ಪಿಸಿಯನ್ನು ಎಬ್ಬಿಸುವುದಿದ್ದರೆ ಬಯೋಸ್‌ನಲ್ಲಿ ಇಆರ್‌ಪಿ ಆಫ್ ಇರಲಿ, ಆನ್ ಇದ್ದರೆ ಮಲಗಿದಾಗ ಯುಎಸ್‌ಬಿಗೆ ಕರೆಂಟ್ ಹೋಗಲ್ಲ. ಟಿವಿಯ ಕೇಬಲ್ ಮೇಲೆ ಪ್ರೀಮಿಯಂ ಹೈ ಸ್ಪೀಡ್ ಅಂತ ಇರಲಿ. 60 ಹರ್ಟ್ಸ್‌ನಲ್ಲಿ ಎಚ್‌ಡಿಆರ್ ಆನ್ ಮಾಡಿದಾಗ 10 ಬಿಟ್ ಆರ್‌ಜಿಬಿ 18 ಗಿಗಾಬಿಟ್‌ನಲ್ಲಿ ಹಿಡಿಸಲ್ಲ, ಇಂಟೆಲ್ ಗ್ರಾಫಿಕ್ಸ್ ಸೆಟಿಂಗ್‌ನಲ್ಲಿ 4:2:2 (ಬಣ್ಣದ ಮಾಹಿತಿ ತಗ್ಗಿಸಿ ಕಳಿಸುವ ರೂಪ) ಆರಿಸಿ. ಪರದೆ ಮೇಲೆ ಬಿಳಿ ಚುಕ್ಕಿ ಮಿಂಚಿದರೆ ಅಥವಾ ಚಿತ್ರ ಆಗಾಗ ಕಪ್ಪಾದರೆ ಮೊದಲು ಕೇಬಲ್ ಬದಲಿಸಿ, ಬೋರ್ಡನ್ನಲ್ಲ.

ಬಿಸಿಲುನಾಡು:
ಶೋಕೇಸ್‌ಗೆ ಮುಂದೆ ಗಾಜಿನ ಬಾಗಿಲಿದೆ, ಹಿಂದೆ ಪ್ಲೈವುಡ್. ಬಾಗಿಲು ಮುಚ್ಚಿಡಬಹುದಾ?

ಸದ್ದಡಗು:
ಹಿಂದಿನ ಪ್ಲೈವುಡ್ ಹಾಗೇ ಇದ್ದರೆ ಮುಚ್ಚಬೇಡಿ. ಬಡಗಿಯಿಂದ ಕ್ಯಾಬಿನೆಟ್ ಫ್ಯಾನ್ ಗಾಳಿ ಬಿಡುವ ಕಡೆ 12 ಸೆಂ.ಮೀ. ಅಗಲದ ತೂತು ಒಂದು, ಎದುರು ಮೂಲೆಯಲ್ಲಿ ಕೆಳಗೆ ಅಷ್ಟೇ ದೊಡ್ಡದು ಇನ್ನೊಂದು ತೆಗೆಸಿ. ಕೆಳಗಿನದಕ್ಕೆ ಸೊಳ್ಳೆ ಪರದೆ ಬಲೆ ಅಂಟಿಸಿ, ಧೂಳು ಅಲ್ಲೇ ತಡೆಯುತ್ತದೆ, ತಿಂಗಳಿಗೊಮ್ಮೆ ಒರೆಸಿ. ಆಮೇಲೆ ಬಾಗಿಲು ಮುಚ್ಚಿ ಒಂದು ಪೂರ್ತಿ ಸಿನಿಮಾ ಓಡಿಸಿ, ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶದಲ್ಲಿ ಪ್ರೊಸೆಸರ್‌ನ ಸರಾಸರಿ ಬಿಸಿ ನೋಡಿ. 70ರ ಒಳಗಿದ್ದರೆ ಬಾಗಿಲು ಮುಚ್ಚಿಯೇ ಇಡಬಹುದು.